ಗಿಳಿಗಳಿಗೆ ಮಾತು ಮರೆಸುವ ನಮ್ಮತ್ತೆ

ನಮ್ಮತ್ತೆ ಏನು ಮಾಡಿಕೊಂಡಿದ್ದಾರೆ ಎಂದು ಯಾರಾದರೂ ಕೇಳಿದರೆ ನಾನು ಸ್ವಲ್ಪ ತಡವರಿಸುತ್ತೇನೆ. ಯಾಕೆಂದರೆ ಹೊಸದುರ್ಗದ ಆ ಮನೆಯಲ್ಲಿ ಅವರು ಮಾಡುವುದು ಒಂದೇ ಕೆಲಸ: ಮನುಷ್ಯರನ್ನು ಕಂಡರೆ ಆಗದ ಹಾಗೆ ಗಿಳಿಗಳ ತಲೆ ಕೆಡಿಸುವುದು! ಇಡೀ ಆಯಸ್ಸು ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಮಾತು ಕಲಿಸಿ ನಿವೃತ್ತರಾದವರು, ಈಗ ಗಿಳಿಗಳಿಗೆ ಮಾತು ಮರೆಸುತ್ತಿದ್ದಾರೆ.

ಗಿಳಿ ಸಾಕುವುದು ಅಪರಾಧ ಎಂದು ತಿಳಿದು ಹೆದರಿದವರು ತಂದೊಪ್ಪಿಸಿದವು, ಅರಣ್ಯ ಇಲಾಖೆಯವರು ಬಿಡಿಸಿ ತಂದವು, ಎಲ್ಲ ಕೊನೆಗೆ ಸೇರುವುದು ಅತ್ತೆಯ ಹಿತ್ತಲಿಗೆ. ಅಲ್ಲಿ ಬಲೆ ಕಟ್ಟಿದ ದೊಡ್ಡ ಗೂಡು, ಅದರೊಳಗೆ ಬೇವಿನ ಕೊಂಬೆ, ಸೂರ್ಯಕಾಂತಿ ತೆನೆ. ಕತ್ತರಿಸಿದ ಗರಿ ಹೊಸದಾಗಿ ಬರಬೇಕು, ಹಾರುವುದು ಕಲಿಯಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಮನುಷ್ಯರ ಸಹವಾಸ ಬಿಡಬೇಕು. ಹಾಗಾಗಿ ಆ ಮನೆಯಲ್ಲಿ ಮಾತೇ ನಿಷೇಧ! ಬಾಗಿಲಿಗೆ ಒಂದು ಸ್ಲೇಟು ತೂಗುಹಾಕಿದ್ದಾರೆ: ‘ಮಾತು ಬೇಡ. ಒಳಗೆ ಮರೆಯುತ್ತಿದ್ದಾರೆ.’ ನಾನು ಹೋದಾಗಲೆಲ್ಲ ಊಟವೂ ಸನ್ನೆಯಲ್ಲೇ. ಒಮ್ಮೆ ಸಾರು ಖಾರವಾಯಿತೆಂದು ಬಾಯಿಗೆ ಗಾಳಿ ಬೀಸಿಕೊಂಡರೆ ಅತ್ತೆ ಎದ್ದು ಹೋಗಿ ಫ್ಯಾನು ಹಾಕಿದರು!

ಹೋದ ವರ್ಷ ಐಮಂಗಲದ ಕಡೆಯ ಹೆದ್ದಾರಿ ಹೋಟೆಲೊಂದರಿಂದ ಒಂದು ಗಿಳಿ ಬಂತು. ಗಿರಾಕಿಗಳನ್ನು ಕರೆಯುವುದೇ ಅದರ ಕೆಲಸವಾಗಿತ್ತಂತೆ. ಯಾರನ್ನು ಕಂಡರೂ ‘ಬರ್ರಿ, ಕುಂತ್ಕಳ್ರಿ, ಬಿಸಿ ಐತೆ’. ತಂದುಬಿಟ್ಟ ಅರಣ್ಯ ಇಲಾಖೆಯ ಗಾರ್ಡನ್ನು ಕರೆಯಿತು, ಹಾಲಿನವನನ್ನು ಕರೆಯಿತು. ಬಲೆಯಾಚೆ ಬಂದು ಕೂತ ಬೆಕ್ಕನ್ನೂ ಅಷ್ಟೇ ಮರ್ಯಾದೆಯಿಂದ ಕರೆಯಿತು. ಬೆಕ್ಕಿನ ಪಾಲಿಗೆ ಅಲ್ಲಿ ಬಿಸಿಯಾಗಿರುವುದು ತಾನೇ ಎಂದು ಗಿಳಿಗೆ ಯಾರು ಹೇಳಬೇಕು?

ಹೀಗೇ ಬಿಟ್ಟರೆ ಮೊದಲು ಕಂಡ ಮನುಷ್ಯನ ಕೈಮೇಲೆ ಕೂತು ಮತ್ತೆ ಪಂಜರ ಸೇರುತ್ತದೆ, ಇಲ್ಲವೇ ಬೆಕ್ಕಿನ ಹೊಟ್ಟೆ ಸೇರುತ್ತದೆ. ಇದಕ್ಕೆ ಹೆದರಿಕೆ ಕಲಿಸಿದ ಹೊರತು ಕಾಡಿಗೆ ಬಿಡುವ ಹಾಗಿಲ್ಲ ಎಂದು ಅತ್ತೆ ತೀರ್ಮಾನಿಸಿದರು. ಹೆದರಿಸಲು ಒಬ್ಬ ದುಷ್ಟ ಮನುಷ್ಯ ಬೇಕಲ್ಲ? ಕೈಗೆ ಸಿಕ್ಕವರು ಮಾವ ಒಬ್ಬರೇ!

ಮಾವ ಬಹಳ ವರ್ಷ ಬಟ್ಟೆ ಅಂಗಡಿ ನಡೆಸಿದವರು. ಅಂಗಡಿಯ ಸೀರೆಯನ್ನೆಲ್ಲ ಬಿಚ್ಚಿಸಿ ಒಂದು ಕರವಸ್ತ್ರವನ್ನೂ ಕೊಳ್ಳದೆ ಎದ್ದವರಿಗೂ ನಗುತ್ತಾ ‘ಹೋಗಿ ಬರ್ರಿ’ ಅಂದವರು. ಅವರ ಕೈಗೆ ಅತ್ತೆ ಒಂದು ಖಾಲಿ ಎಣ್ಣೆ ಡಬ್ಬ, ಒಂದು ಕೋಲು ಕೊಟ್ಟು, ದಿನಕ್ಕೆರಡು ಹೊತ್ತು ಗೂಡಿಗೆ ನುಗ್ಗಿ ಆರ್ಭಟಿಸಬೇಕೆಂದು ಅಪ್ಪಣೆ ಮಾಡಿದರು. ಮೊದಲ ದಿನ ಮಾವ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರು. ಡಬ್ಬವನ್ನು ಎರಡು ಸಲ ಮೆಲ್ಲಗೆ ತಟ್ಟಿದರು. ಆಮೇಲೆ ಗಿಳಿಯ ಹತ್ತಿರ ಬಗ್ಗಿ, ‘ತಪ್ಪು ತಿಳ್ಕಬ್ಯಾಡಪ್ಪ, ಇವಳು ಹೇಳಿದ್ಲು ಅಂತ ಬಂದೆ’ ಎಂದು ಪಿಸುಗುಟ್ಟಿದರು. ಗಿಳಿ ‘ಕುಂತ್ಕಳ್ರಿ’ ಅಂದಿತು. ಮಾವ ಕುಳಿತುಕೊಂಡರು!

ಎರಡು ತಿಂಗಳಾದರೂ ಪಾಠ ಮುಂದಕ್ಕೆ ಹೋಗಲಿಲ್ಲ. ಡಬ್ಬದ ಸದ್ದು ಕೇಳಿದರೆ ಸಾಕು, ಹೆದರುವ ಬದಲು ಗಿಳಿ ಕೊಂಬೆಯಿಂದಿಳಿದು ಬಾಗಿಲಿಗೇ ಬಂದು ನಿಲ್ಲುತ್ತಿತ್ತು. ಕಾರಣ ಗೊತ್ತಾದದ್ದು ಅತ್ತೆ ಒಂದು ದಿನ ಗೂಡು ಗುಡಿಸುವಾಗ. ಬೇವಿನ ಬೀಜಗಳ ನಡುವೆ ಮಂಡಕ್ಕಿ! ಮಾವ ಆ ಡಬ್ಬದೊಳಗೇ ಮಂಡಕ್ಕಿ ತುಂಬಿಕೊಂಡು ಹೋಗಿ ಬಡಿಯುತ್ತಿದ್ದರು. ಗಿಳಿಗೆ ಅದು ಊಟದ ಗಂಟೆ! ಮನೆಗೆ ಬಂದವರಿಗೆ ತಿನ್ನಲು ಏನೂ ಕೊಡದೆ ಬರೀ ಬೈದು ಕಳಿಸುವುದು ಹೇಗೆ ಎಂದು ಮಾವನ ವಾದ.

ಈಗ ಮಾವನಿಗೆ ಗ್ರಹಚಾರ ಕಾದಿದೆ ಎಂದುಕೊಂಡೆ. ಅತ್ತೆ ಅವರನ್ನು ಜಗಲಿಗೆ ಕರೆತಂದು ಕೂರಿಸಿಕೊಂಡು ಮೆತ್ತಗೆ ಹೇಳಿದರು: ‘ಊರಾಗೆಲ್ಲ ನಿಮ್ಮಂಥೋರೇ ಇದ್ದಿದ್ರೆ ನಾನ್ಯಾಕೆ ಹಿಂಗ್ ಮಾಡ್ತಿದ್ದೆ? ಅದು ನಿಮ್ಮನ್ನ ನಂಬಿದಂಗೆ ಎಲ್ಲಾರನ್ನೂ ನಂಬ್ತೈತೆ ಕಣ್ರಿ.’

ಮರುದಿನ ಬೆಳಗ್ಗೆ ಮಾವ ಚಪ್ಪಲಿ ಬಿಡದೆ ಗೂಡಿಗೆ ನುಗ್ಗಿದರು. ಖಾಲಿ ಡಬ್ಬ ಬಡಿದು ಅವರು ಕೂಗಿದ ಕೂಗಿಗೆ ಪಕ್ಕದ ಮನೆಯವರು ಓಡಿ ಬಂದರು. ಗಿಳಿ ಮೇಲಿನ ಮೂಲೆಗೆ ಹಾರಿ ನಡುಗುತ್ತಾ ಕೂತಿತು. ಅವತ್ತು ಮಾವ ತಿಂಡಿ ತಿನ್ನಲಿಲ್ಲ. ಆದರೂ ಅಂದಿನಿಂದ ಎರಡು ಹೊತ್ತೂ ತಪ್ಪದೆ ಹೋದರು. ಕೆಲವು ವಾರಗಳಲ್ಲಿ ಗಿಳಿ ಕರೆಯುವುದನ್ನು ಬಿಟ್ಟಿತು, ಮಾವನ ನೆರಳು ಕಂಡರೂ ಹಾರತೊಡಗಿತು. ಅತ್ತೆ ಅಂದುಕೊಂಡದ್ದು ಆಯಿತು. ನನಗೇಕೋ ನಗು ಬರಲಿಲ್ಲ.

ಇಲಾಖೆಯ ಒಪ್ಪಿಗೆ ಬಂದ ಮೇಲೆ ಗಾರ್ಡಿನ ಜೊತೆ ಜೀಪಿನಲ್ಲಿ ರಾಮಗಿರಿ ಬೆಟ್ಟದ ಬುಡಕ್ಕೆ ಹೋದೆವು. ಅಲ್ಲಿ ಮರಗಳ ತುಂಬ ಗಿಳಿಗಳ ಗಲಾಟೆ. ಪಂಜರದ ಬಾಗಿಲು ತೆರೆದರೆ ನಮ್ಮ ಗಿಳಿ ಅಂಚಿನಲ್ಲೇ ಕೂತು ಗರಿ ಕೆದರಿಕೊಂಡಿತು, ಹಾರಲಿಲ್ಲ. ಅತ್ತೆ ಮಾವನ ಕಡೆ ನೋಡಿದರು. ಮಾವ ಒಂದು ಹೆಜ್ಜೆ ಮುಂದಿಟ್ಟು ‘ಹೋಗಲೇ’ ಎಂದು ಗದರಿದರು. ದನಿ ಅರ್ಧಕ್ಕೇ ಒಡೆಯಿತು. ಗಿಳಿ ಹಾರಿಹೋಗಿ ಆ ಗಲಾಟೆಯೊಳಗೆ ಸೇರಿಕೊಂಡಿತು.

ವಾಪಸು ಬರುವಾಗ ಮಾವ ಕಿಟಕಿಯಾಚೆ ನೋಡುತ್ತಾ ಕೇಳಿದರು, ‘ಅದರ ಪಾಲಿಗೆ ನಾನು ಕೆಟ್ಟೋನಾಗೇ ಉಳಿದ್ನಲ್ಲೇ?’

ಅತ್ತೆ ಖಾಲಿ ಪಂಜರವನ್ನು ಪಕ್ಕಕ್ಕಿಟ್ಟು ಅವರ ಕೈ ಹಿಡಿದುಕೊಂಡರು. ‘ಅದು ನಿಮಗೆ ಹೆದರಿ ಹೋಗ್ಲಿಲ್ಲ ಕಣ್ರಿ. ನೀವು ಹೋಗು ಅಂದ್ರಲ್ಲ, ಆ ಮಾತು ಕೇಳಿ ಹೋತು.’

ಅತ್ತೆ ಸುಳ್ಳು ಹೇಳಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಮಾವ ಅದನ್ನು ನಂಬಿದರು, ಅವರ ಜೊತೆ ನಾನೂ ನಂಬಿದೆ.