ಕಾಳುಮೆಣಸಿನ ರಾಜತಾಂತ್ರಿಕರು

ಬೆಳೆಗಾರರ ಸಂಘಕ್ಕೆ ಕಾರ್ಯದರ್ಶಿಯಾದ ಮೇಲೆ ನಗುವುದಕ್ಕೆಂದು ನಾನು ಬೇರೆಲ್ಲೂ ಹೋಗಬೇಕಾಗಿ ಬಂದಿಲ್ಲ. ಅದರಲ್ಲೂ ಕಾಳುಮೆಣಸು ಬೆಳೆಯುವ ಇನ್ನೊಂದು ದೇಶದ ಜೊತೆ ನಮ್ಮ ಸರ್ಕಾರ ಮುಕ್ತ ವ್ಯಾಪಾರ ಒಪ್ಪಂದದ ಮಾತುಕತೆ ಶುರು ಮಾಡಿದ ವರ್ಷವಂತೂ ಕೇಳಲೇಬೇಡಿ. ಅವರ ಮೆಣಸಿನ ಮೇಲಿನ ಆಮದು ಸುಂಕ ಇಳಿದರೆ ನಮ್ಮ ಮೆಣಸಿನ ಬೆಲೆ ನೆಲಕಚ್ಚುತ್ತದೆ. ಇಳಿಸಬೇಡಿ ಎಂದು ದೆಹಲಿಗೆ ಮುಟ್ಟಿಸಬೇಕು, ಅದೊಂದೇ ನಮ್ಮ ಕೆಲಸ. ನಮ್ಮವರ ಬಾಯಿಯ ಮೇಲೆ ನನಗೆ ಪೂರ್ತಿ ಭರವಸೆಯಿತ್ತು.

೧. ಬೇಲಿ

ಮೊದಲು ನಮ್ಮವರಿಗೆ ವಿಷಯ ತಿಳಿಯಲೆಂದು ಕೆ. ಹೊಸಕೋಟೆಯಲ್ಲಿ ಸಭೆ ಕರೆದೆ. ಸುಂಕ, ಆಮದು, ರಫ್ತು ಎಂದೆಲ್ಲ ಗಂಟಲು ಒಣಗುವವರೆಗೆ ವಿವರಿಸಿದೆ. ಅರ್ಥವಾಯಿತೇ ಎಂದು ಮುಂದಿನ ಸಾಲಿನ ಹಿರಿಯರೊಬ್ಬರನ್ನು ಕೇಳಿದೆ.

"ಆಯ್ತು ಕಣಪ್ಪ. ಇಬ್ರೂ ಬೇಲಿ ತೆಗೀಬೇಕು. ನನ್ನ ಎಮ್ಮೆ ಅವನ ಗದ್ದೇಲಿ ಮೇಯಬೌದು, ಅವನ ಎಮ್ಮೆ ನನ್ನ ಗದ್ದೇಲಿ. ಅಷ್ಟೇ ತಾನೆ?"

ನಾನು ಭೇಷ್ ಅನ್ನುವಷ್ಟರಲ್ಲಿ ಹಿಂದಿನ ಸಾಲಿನಿಂದ ಅವರ ಪಕ್ಕದ ಜಮೀನಿನವರು ಎದ್ದು ನಿಂತರು. "ಒಪ್ಪಂದ ಆಮೇಲೆ. ನಿನ್ನ ಎಮ್ಮೆ ಈಗ್ಲೇ ನನ್ನ ಗದ್ದೇಲೈತೆ, ಮೊದ್ಲು ಹೋಗಿ ಹಿಡ್ಕೊಂಡ್ ಬಾ."

ಅಲ್ಲಿಂದ ಮುಂದೆ ಮೆಣಸಿನ ಮಾತೇ ಬರಲಿಲ್ಲ. ಎಮ್ಮೆಯನ್ನು ಕಟ್ಟಿಹಾಕಬೇಕೆಂಬ ಗೊತ್ತುವಳಿಯನ್ನು ಮಾತ್ರ ಸಭೆ ಸರ್ವಾನುಮತದಿಂದ ಅಂಗೀಕರಿಸಿತು.

೨. ವಿನಯ

ಒಪ್ಪಂದಕ್ಕೆ ಮೊದಲು ನಮ್ಮ ಅಹವಾಲು ಕೇಳಲು ದೆಹಲಿಯಿಂದ ಅಧಿಕಾರಿಗಳು ಬರುತ್ತಾರೆಂದು ಗೊತ್ತಾದಾಗ ಒಂದು ತಾಲೀಮು ಇಟ್ಟುಕೊಂಡೆವು. ನಾನೇ ಅಧಿಕಾರಿ. ಬಿಸಿಲೆ ಕಡೆಯ ಬೆಳೆಗಾರರೊಬ್ಬರನ್ನು ಕೂರಿಸಿಕೊಂಡು, ನಿಮ್ಮ ಮೆಣಸು ಹೇಗೆ ಎಂದು ಕೇಳಿದೆ. ಅವರ ಮೆಣಸಿನಂಥ ಮೆಣಸು ಸುತ್ತಮುತ್ತ ಯಾರಲ್ಲೂ ಇಲ್ಲ.

"ಏನೋ ಸುಮಾರಾಗೈತೆ ಸ್ವಾಮಿ. ಹೇಳ್ಕೊಳ್ಳೋ ಅಂಥದ್ದೇನಿಲ್ಲ."

ನನಗೆ ರೇಗಿತು. ಹೋಳಿಗೆ ಬಡಿಸಿ 'ಏನೂ ಮಾಡಿಲ್ಲ' ಅನ್ನುವ ಜನ ನಾವು, ನಿಜ. ಆ ವಿನಯವನ್ನು ಮನೆಯಲ್ಲಿಟ್ಟು ಬನ್ನಿ ಎಂದು ಗದರಿ, ಹೊರದೇಶದ ಮೆಣಸು ಬಂದರೆ ನಿಮಗೇನು ಅನ್ನಿಸುತ್ತದೆ ಎಂದು ಕೇಳಿದೆ.

"ಬರ್ಲಿ ಬುಡಿ. ಬಂದೋರನ್ನ ಬ್ಯಾಡ ಅನ್ನಕ್ಕಾಯ್ತದಾ?"

ಅಧಿಕಾರಿಗಳು ಬರುವ ದಿನ ಈ ಬೆಳೆಗಾರರಿಗೆ ಕಾರು ನಿಲ್ಲಿಸುವ ಜವಾಬ್ದಾರಿ ವಹಿಸಿದೆ. ಅಲ್ಲಿಯಾದರೆ ಮೆಣಸಿನ ಬಗ್ಗೆ ಯಾರೂ ಕೇಳುವುದಿಲ್ಲ.

೩. ಸಾರು

ಬಂದವರು ಇಬ್ಬರು. ಕನ್ನಡ ಬಲ್ಲ ದೆಹಲಿಯ ಅಧಿಕಾರಿ, ಅವರ ಜೊತೆ ಆ ದೇಶದ ಪ್ರತಿನಿಧಿ. ಪಾಳ್ಯದ ಹತ್ತಿರ ನಮ್ಮ ಅಧ್ಯಕ್ಷರ ಮನೆಯಲ್ಲಿ ಊಟ. ಅಧ್ಯಕ್ಷರಿಗೆ ವಿನಯದ ಕಾಯಿಲೆಯಿಲ್ಲ, ಹಾಗಾಗಿ ನಾನು ನಿಶ್ಚಿಂತೆಯಿಂದಿದ್ದೆ.

ಪ್ರತಿನಿಧಿ ಮೆಣಸಿನ ಸಾರನ್ನು ಲೋಟದಲ್ಲಿ ಹಾಕಿಸಿಕೊಂಡು ಕುಡಿದು, ಮತ್ತೆ ಕೇಳಿ ಹಾಕಿಸಿಕೊಂಡರು. ಇಂಥ ಘಮ ಎಲ್ಲೂ ಕಂಡಿಲ್ಲವಂತೆ ಎಂದು ಅಧಿಕಾರಿ ನಮಗೆ ತಿಳಿಸಿದರು. ಅಧ್ಯಕ್ಷರು ಮೀಸೆಯ ಮೇಲೆ ಕೈಯಾಡಿಸಿದರು.

"ಹೇಳಿ ಅವ್ರಿಗೆ, ಇದು ನಮ್ಮ ಮಣ್ಣಿನ ಗುಣ. ಅವ್ರ ಮೆಣಸು ಹಾಕಿದ್ರೆ ಈ ಸಾರು ಆಯ್ತದಾ?"

ಅಧಿಕಾರಿ ಅದನ್ನೂ ದಾಟಿಸಿದರು. ಆಗ ಅನ್ನದ ಪಾತ್ರೆ ಹಿಡಿದು ಬಂದ ಅಧ್ಯಕ್ಷರ ಹೆಂಡತಿ, "ಅವ್ರ ಮೆಣಸೇ ಕಣ್ರೀ ಅದು. ಬಂದ ತಕ್ಷಣ ನನ್ನ ಕೈಗೊಂದು ಪೊಟ್ಟಣ ಕೊಟ್ರಲ್ಲ. ನೆಂಟರು ತಂದಿದ್ದನ್ನ ಅವತ್ತಿನ ಅಡಿಗೆಗೆ ಹಾಕ್ದಿದ್ರೆ ಏನಂದ್ಕೊಂಡಾರು?" ಎಂದರು.

ಅಧಿಕಾರಿ ಅದನ್ನೂ ಬಿಡದೆ ಅನುವಾದಿಸಿದರು. ಪ್ರತಿನಿಧಿ ಬಿದ್ದು ಬಿದ್ದು ನಕ್ಕರು. ವರ್ಷವಿಡೀ ಓಡಾಡಿದ್ದೆಲ್ಲ ಒಂದು ಲೋಟ ಸಾರಿನಲ್ಲಿ ಮುಳುಗಿತು ಎಂದುಕೊಂಡೆ. ಅಧ್ಯಕ್ಷರು ಮಾತ್ರ ಕಣ್ಣು ಮಿಟುಕಿಸಲಿಲ್ಲ.

"ನೋಡಿದ್ರಾ ಸ್ವಾಮಿ. ಮೆಣಸಿನ ಜೊತೇಲೇ ಬೆಳೆದೋನು ನಾನು, ನನಗೇ ಗೊತ್ತಾಗ್ಲಿಲ್ಲ. ತಂದ ಅವ್ರಿಗೂ ಗೊತ್ತಾಗ್ಲಿಲ್ಲ. ನಾಳೆ ವ್ಯಾಪಾರಿ ಅದನ್ನ ಅಗ್ಗಕ್ಕೆ ತಂದು ನಮ್ಮೂರ ಮೆಣಸು ಅಂತ ಮಾರಿದ್ರೆ ಕೊಳ್ಳೋರಿಗೆ ಗೊತ್ತಾಯ್ತದಾ? ಅದ್ಕೇ ಸುಂಕ ಇಳಿಸ್ಬ್ಯಾಡಿ ಅಂತಿರೋದು."

ಅಧಿಕಾರಿಯ ಕೈಯ ತುತ್ತು ಕೈಯಲ್ಲೇ ನಿಂತಿತು. ಈ ಮಾತು ಮುಂದಿನ ಮಾತುಕತೆಗೆ ತಮಗೆ ಬೇಕು ಎಂದು ಅಧ್ಯಕ್ಷರಿಗೆ ಮೆಲ್ಲಗೆ ಹೇಳಿದರು. ಅಧ್ಯಕ್ಷರು ಏನಂದರು ಎಂದು ಪ್ರತಿನಿಧಿ ಕುತೂಹಲದಿಂದ ವಿಚಾರಿಸಿದರು. ಅಷ್ಟು ಹೊತ್ತೂ ಒಂದಕ್ಷರ ಬಿಡದೆ ಅನುವಾದಿಸಿದ್ದ ಮನುಷ್ಯ ಗಂಭೀರವಾಗಿ, "ನೀವು ಇನ್ನೊಂದು ಲೋಟ ಸಾರು ಕುಡೀಬೇಕಂತೆ" ಎಂದು ತಿಳಿಸಿದರು.