ನಾವುಂದದ ಉರುಟು

ಆ ಶನಿವಾರ ಬೆಳಿಗ್ಗೆ ಭೋಜರಾಜ ಶೆಟ್ಟರ ನೆಮ್ಮದಿ ಕೆಡಿಸಿದ್ದು ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ.

ಮುಂಬೈಯ ಹೋಟೆಲಿನ ಕಾರುಬಾರನ್ನು ತಮ್ಮನಿಗೆ ವಹಿಸಿ ಊರು ಸೇರಿದ ಶೆಟ್ಟರು ನಾವುಂದದ ಉಚಿತ ಕಾನೂನು ನೆರವು ಕೇಂದ್ರದಲ್ಲಿ ಸ್ವಯಂಸೇವಕರು. ಪ್ರತಿ ಶನಿವಾರ ಕುಂದಾಪುರದಿಂದ ವಕೀಲೆ ಅಮಿತಾ ಬರುತ್ತಿದ್ದರು, ಅವರ ಪಕ್ಕದ ಕುರ್ಚಿ ಶೆಟ್ಟರದ್ದು. ಯಾರಾದರೂ 'ಕಾನೂನು ಶೆಟ್ರು' ಅಂದರೆ ಸಾಕು, ಅವರ ಎದೆ ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಉಬ್ಬುತ್ತಿತ್ತು.

ಈಗ ಆ ಕುರ್ಚಿಗೇ ಸಂಚಕಾರ. ಯಾವ ಊರಿನಿಂದ ಎಷ್ಟು ಜನ ನೆರವು ಕೇಳಿ ಬಂದರು ಎಂದು ಒಂದೇ ನೋಟಕ್ಕೆ ತಿಳಿಯಲೆಂದು ಅಮಿತಾ ನಕ್ಷೆ ಮಾಡಿದ್ದರು. ಹೆಚ್ಚು ಜನ ಬಂದ ಊರಿಗೆ ದೊಡ್ಡ ಕೆಂಪು ವೃತ್ತ, ಊರವರ ಮಾತಲ್ಲಿ ಉರುಟು; ಕಮ್ಮಿ ಬಂದ ಊರಿಗೆ ಸಣ್ಣದು. ಶಿರೂರಿನದು ನೀರುದೋಸೆಯಷ್ಟಿದ್ದರೆ ನಾವುಂದದ್ದು ಸಾಸಿವೆ. ಇವತ್ತೂ ಜನ ಬಾರದಿದ್ದರೆ ಕೇಂದ್ರ ಶಿರೂರಿಗೆ ಹೋಗುವುದೇ ಸೈ.

ಶೆಟ್ಟರು ನಕ್ಷೆಯನ್ನು ಜಗಲಿಯಲ್ಲಿ ಹರಡಿ ಚಿಂತಿಸುತ್ತಿರುವಾಗ ಮೀನಿನ ಕಮಲಕ್ಕ ಬುಟ್ಟಿ ಹೊತ್ತು ಏದುಸಿರು ಬಿಡುತ್ತ ಬಂದಳು.

"ಹ್ವಾಯ್ ಶೆಟ್ರೆ, ನೀವ್ ನಿಮ್ಮ ಜಾಗದ್ ಒಳ್ದಾರಿಗೆ ಗೇಟ್ ಹಾಕಿದ್ಮೇಲೆ ಊರೆಲ್ಲ ಸುತ್ತಿ ಬಪ್ಪುದಾಯ್ತ್. ಇಲ್ಲಿಗ್ ಬಪ್ಪೊತ್ತಿಗೆ ಬಂಗ್ಡಿ ಬಿಸ್ಲಿಗೇ ಬೇಯ್ತ್!"

"ಗೇಟಿನ್ ಸುದ್ದಿ ಆಮೇಲೆ. ಇಲ್ಕಾಣಿ ಕಮಲಕ್ಕ, ಇದ್ ನಾವುಂದದ್ ಉರುಟ್. ಇದನ್ನ್ ದೊಡ್ಡ ಮಾಡ್ದೆ ನಾ ಬಿಡುದಿಲ್ಲೆ!"

"ಅದ್ರೊಳ್ಗ್ ನಮ್ಮನಿ ಬತ್ತಾ?"

"ಬರ್ದೆ ಎಲ್ಲಿಗ್ ಹೋತ್ತ್? ಒಬ್ರನ್ನೂ ಬಿಡುದಿಲ್ಲೆ."

"ದುಡ್ಡೆಷ್ಟ್ ಸಿಕ್ಕತ್?"

"ದುಡ್ಡಿನ್ ಮಾತೇ ಇಲ್ಲೆ. ಎಲ್ಲ ಪುಕ್ಕಟೆ!"

ಕಮಲಕ್ಕನ ಮುಖ ಬಿಳಿಚಿಕೊಂಡಿತು. ಹೆದ್ದಾರಿ ಅಗಲ ಮಾಡುವ ಕಾಲಕ್ಕೆ ಇಂಥದೇ ಕೆಂಪು ಗುರುತಿನ ನಕ್ಷೆ ಹಿಡಿದು ಜನರ ಜಾಗ ಕಸಿಯಲು ಬಂದವರನ್ನು ಅವಳು ಮರೆತಿರಲಿಲ್ಲ. ಇಳಿಸಿದ ಬುಟ್ಟಿಯನ್ನು ಮತ್ತೆ ತಲೆಗೇರಿಸಿ ಓಡಿದಳು. ಒಳಗಿನಿಂದ ತಟ್ಟೆ ಹಿಡಿದು ಬಂದ ಹೆಂಡತಿ ಪ್ರಭಾವತಿ ಖಾಲಿ ಅಂಗಳ ನೋಡಿದರು.

"ಮೀನೆಲ್ಲಿ?"

"ಮೀನ್ ಯಾರಿಗ್ ಬೇಕ್? ಇಲ್ಲಿ ಊರಿನ್ ಮರ್ಯಾದಿ ಹೋಪ ಹೊತ್ತ್!" ಎಂದರು ಶೆಟ್ಟರು. ಪ್ರಭಾವತಿ ಖಾಲಿ ತಟ್ಟೆಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿ ಒಳಗೆ ಹೋದರು. ಆ ನೋಟವನ್ನು ಶೆಟ್ಟರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಬಂಗುಡೆಯ ಜೊತೆಗೆ ಸುದ್ದಿಯೂ ಮನೆಮನೆಗೆ ಹೋಯಿತು. ಮೀನು ಕೊಳ್ಳದವರೂ ಸುದ್ದಿ ಕೊಂಡರು. ಸ್ವಲ್ಪ ಹೊತ್ತಿಗೆ ನೆರೆಮನೆಯ ಚಂದ್ರ ಫೋನು ಮಾಡಿದ.

"ಶೆಟ್ರೆ, ನಮ್ಮ ತೆಂಗಿನ್ ಮರ ಎಲ್ಲ ಹೋತ್ತಂಬ್ರಲೆ?"

"ಮರದ್ ತಕರಾರಾ? ಹೆದ್ರಬೇಡ ಮಾರಾಯ, ಕೇಂದ್ರಕ್ ಬಾ. ಸಿಕ್ದವ್ರನ್ನೆಲ್ಲ ಕರ್ಕಂಬಾ!"

ಶೆಟ್ಟರು ಕೇಂದ್ರ ಮುಟ್ಟಿದಾಗ ಸಾಲು ರಸ್ತೆವರೆಗೆ ಬೆಳೆದಿತ್ತು. ಅವರ ಕಣ್ಣಲ್ಲಿ ನೀರೇ ಬಂತು. ಒಳಗಿನ ಕುರ್ಚಿ ಬಿಟ್ಟು, ಸಂಜೆವರೆಗೂ ಸಾಲಿನಲ್ಲೇ ಓಡಾಡಿ ಎಲ್ಲರಿಗೂ ತಾವೇ ಬೆಲ್ಲ ನೀರು ಕೊಟ್ಟರು. ಜನ ನೀರು ಕುಡಿದು ಅವರನ್ನೇ ದುರುಗುಟ್ಟಿ ನೋಡಿದರು. ಪಾಪ, ವಕೀಲರ ಎದುರು ಬಂದ ಅಂಜಿಕೆ ಎಂದುಕೊಂಡರು ಶೆಟ್ಟರು.

ಸಂಜೆ ಅಮಿತಾ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದರು. ನಾವುಂದದ ಉರುಟು ಶಿರೂರನ್ನೂ ಮೀರಿ ಊದಿಕೊಂಡಿತ್ತು!

"ಗೆದ್ರಿ ಶೆಟ್ರೆ! ಕೇಂದ್ರ ಇಲ್ಲೇ ಉಳಿತ್ ಅಂಬ್ರ್. ಈಗಷ್ಟೇ ಕುಂದಾಪ್ರದಿಂದ ಫೋನ್ ಬಂತ್."

"ಹೋಯ್!" ಶೆಟ್ಟರು ಕುರ್ಚಿಯಲ್ಲೇ ಕುಣಿದುಬಿಟ್ಟರು.

"ಜಾಗ ಹೋತ್ತಂದ್ ಹೆದ್ರಿ ಬಂದಿದ್ರ್. ಅದೆಲ್ಲ ಸುಳ್ಳ್ ಅಂದೆ. ಬಂದದ್ ಬಂದಾಯ್ತ್, ನಮ್ಮ ನಿಜವಾದ್ ಕಷ್ಟ ಬರ್ಕಣಿ ಅಂದ್ರ್. ಅವ್ರವ್ರ ಮನಿಗೆ ಒಂದೊಂದ್ ಚುಕ್ಕಿ ಇಟ್ಟಿದೆ. ಕಾಣಿ."

ಪರದೆಯ ಮೇಲೆ ನಾವುಂದದ ಮನೆಗಳು. ಕೆಂಪು ಚುಕ್ಕೆಗಳು ಬಳೆಯ ಹಾಗೆ ಸುತ್ತಿದ್ದವು, ನಡುವೆ ಒಂದೇ ಒಂದು ಬಿಳಿ ಜಾಗ.

"ಅಬ್ಬ! ತಕರಾರೇ ಇಲ್ದಿದ್ದ್ ಒಂದ್ ಮನಿಯೂ ಇತ್ತಲೆ! ಯಾರಪ್ಪ ಆ ಪುಣ್ಯಾತ್ಮ?"

"ನೀವೇ. ಸುತ್ತಲಿನ್ ಚುಕ್ಕಿ ಎಲ್ಲ ನಿಮ್ಮ ಗೇಟಿನ್ ಮೇಲಿನ್ ದೂರ್."

ಶೆಟ್ಟರ ಎದೆಯ ಪೂರಿ ಅಲ್ಲೇ ಇಳಿಯಿತು.

"ಎದುರು ಪಕ್ಷದವ್ರ್ ಈ ಕುರ್ಚಿ ಮೇಲೆ ಕೂಕಂಬುಕ್ ಆತಿಲ್ಲೆ ಶೆಟ್ರೆ," ಎಂದರು ಅಮಿತಾ, ತುಸು ಮರುಕದಿಂದಲೇ.

"ಹಂಗಾರೆ ನಂಗೂ ಒಬ್ರ್ ಪುಕ್ಕಟೆ ವಕೀಲ್ರನ್ನ್ ಕೊಡಿ."

"ನಿಮ್ಮ ಹೋಟೆಲಿನ್ ಆದಾಯಕ್ಕೆ ಸಿಕ್ಕುದಿಲ್ಲೆ. ಹೆಂಗಸ್ರಾದ್ರೆ ಆದಾಯ ಎಷ್ಟಿದ್ರೂ ಸಿಕ್ಕತ್."

"ಹೌದಾ?" ಎಂಬ ದನಿ ಬಾಗಿಲಲ್ಲಿ ಕೇಳಿತು. ಸಾಲಿನ ಕಟ್ಟಕಡೆಯಲ್ಲಿ, ಬೆಳಗಿನ ಖಾಲಿ ತಟ್ಟೆಯನ್ನೇ ಹಿಡಿದು ಪ್ರಭಾವತಿ ನಿಂತಿದ್ದರು.

"ನನ್ನ ದೂರನ್ನೂ ಬರ್ಕಣಿ ಮೇಡಂ. ಗೇಟ್ ಹಾಕಿದ್ಮೇಲೆ ನಮ್ಮನಿಗೆ ಒಂದ್ ದಿನವೂ ಹೊಸ ಮೀನ್ ಬರ್ಲಿಲ್ಲೆ."

ಹೊರಗೆ ನಿಂತಿದ್ದ ಕಮಲಕ್ಕ, ಚಂದ್ರ ಎಲ್ಲರೂ ಚಪ್ಪಾಳೆ ತಟ್ಟಿದರು. ಅಮಿತಾ ನಗು ತಡೆದುಕೊಂಡು ಬಿಳಿ ಜಾಗದ ನಟ್ಟನಡುವೆ ಒಂದು ಕೆಂಪು ಚುಕ್ಕೆ ಇಟ್ಟರು. ಶೆಟ್ಟರು ಸದ್ದಿಲ್ಲದೆ ಎದ್ದು ಗೇಟಿನ ಬೀಗದಕೈ ಹುಡುಕುತ್ತ ಹೊರಟರು.

ತಿರುಗಿ ನೋಡಿದರೆ, ಕುರ್ಚಿಯಲ್ಲಿ ಆಗಲೇ ಪ್ರಭಾವತಿ ಕೂತಾಗಿತ್ತು.