ಚಿಲಕದ ಚರ್ಚೆಯಲ್ಲಿ ಯಾರೂ ವಿಷಯಕ್ಕೆ ಬರಕೂಡದು

ಸಂಖ್ಯೆ: ಸಭೆ/ಬಾಯಿ/ಚಿಲಕ/೪೧೨
ದಿನಾಂಕ: ತಿಂಗಳ ಕೊನೆಯ ಕೆಲಸದ ದಿನ, ಬೆಳಿಗ್ಗೆ

ಸುತ್ತೋಲೆ

ವಿಷಯ: ಸಭೆಯ ಚರ್ಚೆಗಳಲ್ಲಿ ವಿಷಯಕ್ಕೆ ಸಂಬಂಧಿಸಿದ ಮಾತಾಡುವ ಕೆಟ್ಟ ಚಾಳಿಯನ್ನು ತಡೆಗಟ್ಟುವ ಬಗ್ಗೆ.

ಉಲ್ಲೇಖ: (೧) ಮಹಿಳಾ ಶೌಚಾಲಯದ ಒಳಚಿಲಕದ ಕುರಿತು ನಡೆದ ಹನ್ನೊಂದು ತಿಂಗಳ ಚರ್ಚೆ. (೨) ಸದರಿ ಚರ್ಚೆಯ ಒಂದು ಪುಟದ ನಡವಳಿ. (೩) ಸಹಿ ಹಾಕಿದ ಮೇಲೆ ಅದನ್ನು ಓದಿ ಅಧ್ಯಕ್ಷರು ಬಿಟ್ಟ ನಿಟ್ಟುಸಿರು.

ಪ್ರಸ್ತಾವನೆ:

ಒಂದಾನೊಂದು ಕಾಲದಲ್ಲಿ, ಅಂದರೆ ಕಳೆದ ಆರ್ಥಿಕ ವರ್ಷದಲ್ಲಿ, ಒಂದು ಕಚೇರಿ ಇತ್ತು. ಕಚೇರಿಗೆ ಮೂರು ಮಹಡಿ, ಮೂರನೇ ಮಹಡಿಗೆ ಏಳು ಕೋಣೆ, ಏಳನೇ ಕೋಣೆಯಾಚೆ ಒಂದು ಬಾಗಿಲು, ಆ ಬಾಗಿಲಿಗೆ ಚಿಲಕವಿರಲಿಲ್ಲ. ಒಳಗೆ ಹೋದವಳಿಗೆ ಹೊರಗೊಬ್ಬಳು ಕಾವಲು ಬೇಕಿತ್ತು. ಕಸ ಗುಡಿಸುವ ಆಯಮ್ಮ ಇಪ್ಪತ್ತೆಂಟು ವರ್ಷ ಎಲ್ಲರಿಗಾಗಿ ಆ ಬಾಗಿಲು ಹಿಡಿದು ನಿಂತಳು. ಅವಳು ಒಳಗೆ ಹೋದಾಗ ಮಾತ್ರ ಹಿಡಿಯಲು ಯಾರಿಗೂ ಪುರುಸೊತ್ತಿರಲಿಲ್ಲ. ಒಂದು ಕಾಲನ್ನು ಬಾಗಿಲಿಗೆ ಚಾಚಿ, ಬೇಡದ ಕೆಮ್ಮು ಕೆಮ್ಮುತ್ತಾ ಕೂರುತ್ತಿದ್ದಳೆಂದು ತಿಳಿದುಬಂದಿದೆ. ಆ ಕೆಮ್ಮು ಕೇಳಿದ ಸಭೆಯ ಶೀಘ್ರಲಿಪಿಗಾರ್ತಿ, “ಆಯಮ್ಮಾ, ನೀವು ರಿಟೈರ್ ಆಗೋದ್ರೊಳಗೆ ಚಿಲಕ ಹಾಕಿಸ್ತೀನಿ, ನನ್ನಾಣೆ” ಎಂದು, ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿಯಿಲ್ಲದೆ ಮಾತು ಕೊಟ್ಟಳು. “ಆಣೆ ಯಾಕೆ ಮಗಳೇ, ನಿನಗಿಂತ ಮುಂಚೆ ಮೂರು ಜನ ಅಧ್ಯಕ್ಷರು ಇದೇ ಮಾತು ಕೊಟ್ಟಾಯ್ತಲ್ಲ” ಎಂದು ಆಯಮ್ಮ ನಕ್ಕಳೆಂದು ವರದಿಯಾಗಿದೆ.

ಆಯಮ್ಮನ ನಿವೃತ್ತಿ ಇಂದು ಸಂಜೆ ಐದೂವರೆಗೆ.

(ಓದುವವರು ಪ್ರತಿ ಕಂಡಿಕೆಯ ಕೊನೆಗೆ ಹೂಂಗುಟ್ಟತಕ್ಕದ್ದು. ಹೂಂಗುಟ್ಟದವರು ನಿದ್ದೆ ಹೋಗಿದ್ದಾರೆಂದು ಭಾವಿಸಲಾಗುವುದು.)

ಸಭೆಯಲ್ಲಿ ಕಿಟಕಿ ಕಡೆಯವರು, ಗೋಡೆ ಕಡೆಯವರು ಎಂದು ಎರಡು ಪಕ್ಷಗಳಿರುವುದು ಸರಿಯಷ್ಟೆ. ಇಬ್ಬರ ಅನುಭವವನ್ನೂ ಆಧರಿಸಿ ಈ ಮೂಲಕ ಸೂಚಿಸುವುದೇನೆಂದರೆ:

೧. ಪ್ರಶ್ನೆಗೆ ಉತ್ತರ ಕೊಡಕೂಡದು. ಪ್ರಶ್ನೆಗೆ ಪ್ರಶ್ನೆಯನ್ನೇ ಕೊಡತಕ್ಕದ್ದು, ಅದೂ ಹಿಂದಿನವರ ಕಾಲದ್ದಾಗಿರತಕ್ಕದ್ದು. ಮಾದರಿ: “ಚಿಲಕ ಎಲ್ಲಿ ಅಂತೀರಲ್ಲ, ನಿಮ್ಮ ಕಾಲದಲ್ಲಿ ಬಾಗಿಲಾದ್ರೂ ಇತ್ತೇನ್ರೀ?” ಹಿಂದಿನವರು ತಾವೇ ಆಗಿದ್ದಲ್ಲಿ, ಅವರಿಗೂ ಹಿಂದಿನವರ ಬಳಿಗೆ ಹೋಗತಕ್ಕದ್ದು.

೨. ಚಿಕ್ಕ ಸಂಗತಿಯನ್ನು ಚಿಕ್ಕದಾಗಿರಲು ಬಿಡಕೂಡದು. ಗೋಡೆ ಕಡೆಯ ಮೀಸೆ ಸದಸ್ಯರು ಈ ಬಗ್ಗೆ ದಾರಿ ತೋರಿರುತ್ತಾರೆ: “ಇವತ್ತು ಚಿಲಕ ಅಂತಾರೆ, ನಾಳೆ ಬೀಗ ಅಂತಾರೆ, ನಾಡಿದ್ದು ಕೀಲಿಕೈ ನಮ್ಮ ಹತ್ರಾನೇ ಇರ್ಲಿ ಅಂತಾರೆ. ಆಮೇಲೆ ನಾವೆಲ್ಲ ಎಲ್ಲಿಗೆ ಹೋಗ್ಬೇಕು?” ಎಲ್ಲಿಗೆ ಹೋಗಬೇಕೆಂಬುದನ್ನು ಪರಿಶೀಲಿಸಲು ಉಪಸಮಿತಿ ರಚಿಸಲಾಗಿದೆ.

೩. ಎದುರಿನವರು ಹೇಳಿದ್ದಕ್ಕೆ ಉತ್ತರಿಸುವುದು ಕಷ್ಟವಾದಲ್ಲಿ, ಅವರು ಹೇಳದೇ ಇದ್ದುದಕ್ಕೆ ಉತ್ತರಿಸಬಹುದು. “ಚಿಲಕ ಬೇಕು ಅಂದ್ರೇನರ್ಥ? ಇಲ್ಲಿರೋ ಗಂಡಸರೆಲ್ಲ ಪೋಲಿಗಳು ಅಂತ ತಾನೇ?” ಎಂಬ ಮಾತಿಗೆ ಮೇಜು ಗುದ್ದಿದ ಸದಸ್ಯರಲ್ಲಿ ಒಬ್ಬರ ಕೈಗಡಿಯಾರ ನಿಂತಿದ್ದು, ಅಂದಿನಿಂದ ಅವರಿಗೆ ಮಾತು ಮುಗಿಸುವ ಹೊತ್ತೇ ತಿಳಿಯುತ್ತಿಲ್ಲ.

೪. ವಾದ ಖಾಲಿಯಾದ ಕೂಡಲೇ ವಾದಿಸುವವನ ಮನೆಗೆ ನುಗ್ಗತಕ್ಕದ್ದು. ತಜ್ಞನೆಂದು ಕರೆಸಲಾದ ಬಡಗಿಯನ್ನು, “ನಿಮ್ಮನೆ ಬಚ್ಚಲಿಗೆ ಚಿಲಕ ಇದೆಯೇನಪ್ಪಾ?” ಎಂದು ಕೇಳಲಾಯಿತು. ಇದೆ ಎಂದರೆ “ನೋಡಿದ್ರಾ, ತನಗಾದ್ರೆ ಬೇಕು!” ಎಂದೂ, ಇಲ್ಲವೆಂದರೆ “ತನ್ನ ಮನೆಗೇ ಇಲ್ದೋನು ಬಂದುಬಿಟ್ಟ!” ಎಂದೂ ಬರೆದ ಎರಡು ಚೀಟಿಗಳನ್ನು ಒಬ್ಬ ಸದಸ್ಯರು ಎರಡು ಜೇಬುಗಳಲ್ಲಿ ಇಟ್ಟುಕೊಂಡು ಬಂದಿದ್ದರು. ಇಂಥ ಮುಂದಾಲೋಚನೆ ಶ್ಲಾಘನೀಯ.

೫. ಚಿಲಕ ಕೇಳಿದವರನ್ನು “ಚಿಲಕ ಬೇಕೋ, ದೇಶ ಬೇಕೋ?” ಎಂದು ಕೇಳತಕ್ಕದ್ದು. ಎರಡೂ ಬೇಕೆಂಬ ಉತ್ತರವನ್ನು ಸ್ವೀಕರಿಸಲಾಗುವುದಿಲ್ಲ.

೬. ಇಬ್ಬರೂ ಕೂಗಿ ಸುಸ್ತಾದಲ್ಲಿ, ನಿಜವು ಇಬ್ಬರ ನಟ್ಟನಡುವೆ ಕೂತಿದೆಯೆಂದು ತಿಳಿಯತಕ್ಕದ್ದು. ಅದರಂತೆ, ಬೇಕೆನ್ನುವವರಿಗೂ ಬೇಡವೆನ್ನುವವರಿಗೂ ಸಮಾಧಾನವಾಗಲೆಂದು ಚಿಲಕವನ್ನು ಬಾಗಿಲ ಹೊರಬದಿಗೆ ಹಾಕುವ ರಾಜಿಸೂತ್ರವನ್ನು ಏಳನೇ ತಿಂಗಳಲ್ಲಿ ಮಂಡಿಸಲಾಯಿತು. “ಸಾರ್, ಆಗ ಒಳಗಿರೋರು ಹೊರಗೆ ಬರೋದು ಹೇಗೆ?” ಎಂದ ಶೀಘ್ರಲಿಪಿಗಾರ್ತಿಗೆ, “ನೀನು ಬರ್ಕೊಳಮ್ಮಾ, ಮಾತಾಡ್ಬೇಡ” ಎಂದು ಎರಡೂ ಕಡೆಯವರು ಇತಿಹಾಸದಲ್ಲೇ ಮೊದಲ ಬಾರಿಗೆ ಒಕ್ಕೊರಲಿನಿಂದ ಹೇಳಿದರು.

೭. ಚುನಾವಣೆಯ ನಂತರ ಕಿಟಕಿ ಕಡೆಯವರು ಗೋಡೆಗೂ, ಗೋಡೆ ಕಡೆಯವರು ಕಿಟಕಿಗೂ ಹೋದಲ್ಲಿ, ತಂತಮ್ಮ ಭಾಷಣಗಳನ್ನು ಕುರ್ಚಿಯ ಮೇಲೆಯೇ ಬಿಟ್ಟು ಹೋಗತಕ್ಕದ್ದು. ಬಂದು ಕೂತವರು ಅವನ್ನೇ ಓದತಕ್ಕದ್ದು.

೮. ಆಗಿರುವ ಲೋಪ: ಬರೆದುಕೋ ಎಂದದ್ದಕ್ಕೆ ಆಕೆ ಬರೆದುಕೊಂಡಳು. ನಾನೂರ ಹನ್ನೆರಡು ಪುಟಗಳಾದವು. “ನಡವಳಿಯಲ್ಲಿ ವಿಷಯಕ್ಕೆ ಸಂಬಂಧಿಸಿದ ಮಾತುಗಳನ್ನಷ್ಟೇ ದಾಖಲಿಸತಕ್ಕದ್ದು” ಎಂಬ ಹಳೆಯ ನಿಯಮವೊಂದು ಕಪಾಟಿನಲ್ಲಿ ಯಾರಿಗೂ ತೊಂದರೆ ಕೊಡದೆ ಮಲಗಿತ್ತು. ಮೊನ್ನೆ ಆಕೆ ಅದನ್ನು ಎಬ್ಬಿಸಿ ಓದಿದಳು. (ನಿಯಮ ಓದುವ ಸಿಬ್ಬಂದಿಯ ಬಗ್ಗೆ ಪ್ರತ್ಯೇಕ ಆದೇಶ ಹೊರಡಿಸಲಾಗುವುದು.) ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಕೂತು ಆರಿಸಿದಳು. ನಿಮ್ಮ ಕಾಲ, ನಮ್ಮ ಕಾಲ, ದೇಶ, ಬಚ್ಚಲು, ಮೀಸೆ ಎಲ್ಲವನ್ನೂ ಎತ್ತಿ ಬಿಸಾಡಿದ ಮೇಲೆ ಮೊರದಲ್ಲಿ ಉಳಿದದ್ದು ಒಂದೇ ಕಾಳು. ಅದು ಬಡಗಿ ಕೇಳಿದ್ದು: “ಹತ್ತು ನಿಮಿಷದ ಕೆಲಸ ಸ್ವಾಮಿ. ಹಾಕ್ಬಿಡ್ಲಾ?”

ಇದಕ್ಕೆ ಹನ್ನೊಂದು ತಿಂಗಳಲ್ಲಿ ಒಬ್ಬರೂ ಬೇಡವೆಂದಿರಲಿಲ್ಲ. ಬೇಡವೆನ್ನಲು ಆ ಮಾತನ್ನು ಯಾರಾದರೂ ಕೇಳಿಸಿಕೊಂಡಿರಬೇಕಿತ್ತು. ಆಕೆ ಟೈಪು ಮಾಡಿದಳು: “ಚಿಲಕ ಹಾಕುವುದು. ವಿರೋಧ: ಇಲ್ಲ. ಸರ್ವಾನುಮತದಿಂದ ಅಂಗೀಕರಿಸಲಾಯಿತು.” ಒಂದೇ ಪುಟದಲ್ಲಿ ಏನು ಅಪಾಯವಿದ್ದೀತೆಂದು ನಿನ್ನೆ ಅಧ್ಯಕ್ಷರು ಸಹಿ ಹಾಕಿದರು. “ಏನಮ್ಮಾ ಇದು, ಮಿಕ್ಕಿದ್ದೆಲ್ಲ ಎಲ್ಲಿ?” ಎಂಬ ಕಾರ್ಯದರ್ಶಿಯವರ ಪ್ರಶ್ನೆಗೆ, “ಮಿಕ್ಕಿದ್ದು ಚಿಲಕದ ಬಗ್ಗೆ ಅಲ್ಲ ಸಾರ್” ಎಂದು ಆಕೆ ಕಂಡಿಕೆ ೧ಕ್ಕೆ ವಿರುದ್ಧವಾಗಿ ನೇರ ಉತ್ತರ ಕೊಟ್ಟಿರುತ್ತಾಳೆ.

೯. ಆದುದರಿಂದ ಇನ್ನು ಮುಂದೆ ನಡವಳಿಯಲ್ಲಿ ವಿಷಯಕ್ಕೆ ಸಂಬಂಧಿಸದ ಮಾತುಗಳನ್ನು ಮಾತ್ರ ದಾಖಲಿಸತಕ್ಕದ್ದು. ಈ ಸುತ್ತೋಲೆ ಕೈಗೆ ತಲುಪಿದ ಕ್ಷಣವೇ ಬಡಗಿಯು ಕೆಲಸ ನಿಲ್ಲಿಸತಕ್ಕದ್ದು. ಚರ್ಚೆಯನ್ನು ನಾಳೆಯಿಂದ ಮೊದಲಿನಿಂದ ಆರಂಭಿಸಲಾಗುವುದು.

ಸಹಿ/-
ಕಾರ್ಯದರ್ಶಿ
(ಈ ಬಾರಿ ಓದಿ ಸಹಿ ಹಾಕಲಾಗಿದೆ)

ಪ್ರತಿಗಳು:

೧. ಕಿಟಕಿ ಕಡೆಯ ನಾಯಕರಿಗೆ: ಇದು ಗೋಡೆ ಕಡೆಯವರ ಪಿತೂರಿಯೆಂದು ಹೇಳಿಕೆ ಕೊಡಲು.
೨. ಗೋಡೆ ಕಡೆಯ ನಾಯಕರಿಗೆ: ಮೇಲಿನಂತೆಯೇ, ಕಡೆ ಬದಲಿಸಿಕೊಂಡು.
೩. ಶೀಘ್ರಲಿಪಿಗಾರ್ತಿಗೆ: ಕೂಡಲೇ ಟೈಪು ಮಾಡಲು. (ಬೆಳಿಗ್ಗೆ ಹತ್ತಕ್ಕೆ ಕೊಡಲಾಗಿದ್ದು, ಒಂದೊಂದು ಅಕ್ಷರವನ್ನೂ ಮೂರು ಸಲ ತಾಳೆ ನೋಡಿ ಸಂಜೆ ಐದಕ್ಕೆ ಮುಗಿಸಿರುತ್ತಾಳೆ. ಆಕೆಯ ಶ್ರದ್ಧೆಯನ್ನು ಗಮನಿಸಲಾಗಿದೆ.)
೪. ಬಡಗಿಗೆ: ಸುತ್ತಿಗೆ ಕೆಳಗಿಡಲು. (ಮಧ್ಯಾಹ್ನವೇ ಮನೆಗೆ ಹೋಗಿರುವುದರಿಂದ ತಲುಪಿಸಲಾಗಿಲ್ಲ.)
೫. ಸದರಿ ಬಾಗಿಲಿನ ಒಳಬದಿಗೆ: ಅಂಟಿಸಲು.

ಕ್ರಮ ಸಂಖ್ಯೆ ೫ರ ಬಗ್ಗೆ ಜವಾನನ ಷರಾ:

ಐದು ಗಂಟೆ ಹತ್ತು ನಿಮಿಷಕ್ಕೆ ಗೋಂದು ತಗೊಂಡು ಹೋದೆ. ಹೊರಗೆ ಯಾರೂ ಬಾಗಿಲು ಹಿಡಿದಿರಲಿಲ್ಲವಾದ್ದರಿಂದ ಒಳಗೆ ಯಾರೂ ಇಲ್ಲವೆಂದು ತಿಳಿದು ತಳ್ಳಿದೆ. ಬರಲಿಲ್ಲ. ಶಾರ್ಟ್‌ಹ್ಯಾಂಡ್ ಅಕ್ಕ ಅಲ್ಲೇ ಕೈಕಟ್ಟಿ ನಿಂತಿದ್ದರು. ಒಳಗಿನಿಂದ ಆಯಮ್ಮ, “ಯಾರಪ್ಪಾ ಅದು? ಒಳಗಿದೀನಿ. ನಿಧಾನ ಆಗತ್ತೆ” ಎಂದರು. ಕೆಮ್ಮಲಿಲ್ಲ. ಸುತ್ತೋಲೆ ಅಂಟಿಸಿಲ್ಲ.